ಲೆನ್ಸ್ ಕ್ಯಾಪ್: ಯಾವುದು ತಗೊಳ್ಳೋದು, ಯಾವಾಗ ಬಿಟ್ಟುಬಿಡೋದು?

ಹೊಸ ಕ್ಯಾಮೆರಾ ತಗೊಂಡವರು ಮೊದಮೊದಲು ಕೇಳುವುದು ಅಪರ್ಚರ್, ಐಎಸ್‌ಒ ಬಗ್ಗೆ. ಕೆಲವು ತಿಂಗಳು ಕಳೆಯಲಿ, ಪ್ರಶ್ನೆ ಬದಲಾಗುತ್ತದೆ. ಕ್ಯಾಪ್ ಕಳೆದುಹೋಯ್ತು, ಕಂಪನಿಯದ್ದೇ ತಗೊಳ್ಳಲಾ, ಇನ್ನೂರು ರೂಪಾಯಿದು ಸಾಕಾ? ದಾರ ಕಟ್ಟಲಾ? ಲೆನ್ಸ್ ಮುಂದೆ ಯುವಿ ಫಿಲ್ಟರ್ ಅನ್ನುವ ಪಾರದರ್ಶಕ ಗಾಜು ಹಾಕಿ ಕ್ಯಾಪಿನ ತಂಟೆಯೇ ಬೇಡ ಅಂದುಬಿಡಲಾ? ಸಫಾರಿಗೆ ಹೋಗುವವರ ಗೋಳು ಇನ್ನೊಂದು. ಅಡ್ಡ ಬೆಳಕು ತಡೆಯಲು ಲೆನ್ಸ್ ಮುಂದೆ ಹಾಕುವ ಹುಡ್ ಒಳಗೆ ಕೈ ತೂರಿಸಿ ಕ್ಯಾಪ್ ಕೀಳುವಷ್ಟರಲ್ಲಿ ಹುಲಿ ಲಂಟಾನ ಪೊದೆ ಸೇರಿರುತ್ತದೆ.

ಇದಕ್ಕೆಲ್ಲ ಒಂದೇ ಉತ್ತರ ಇಲ್ಲ. ಆದರೆ ಗೊಂದಲ ಎಲ್ಲಿ ಶುರುವಾಗುತ್ತದೆ ಅಂತ ಹೇಳಬಹುದು. ಲೆನ್ಸಿನ ಮುಂದಿನ ಗಾಜನ್ನು ಬ್ಯಾಗಿನೊಳಗೆ ಕಾಯುವುದು ಒಂದು ಕೆಲಸ. ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡುವಾಗ ಕಾಯುವುದು ಬೇರೆಯದೇ ಕೆಲಸ. ಕ್ಯಾಪ್ ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನೂ ಅದರ ತಲೆಗೇ ಕಟ್ಟಿದಾಗ ತೆಗಿ, ಜೇಬಿಗೆ ಹಾಕು, ಹುಡುಕು, ಹಾಕು ಅನ್ನುವ ಪರದಾಟ ಶುರು. ಹಾಗಾಗಿ ಕೊಳ್ಳುವ ಮೊದಲು, ಒಂದು ಫೋಟೊಗೂ ಇನ್ನೊಂದು ಫೋಟೊಗೂ ನಡುವೆ ನಿಮ್ಮ ಕ್ಯಾಮೆರಾ ಎಲ್ಲಿರುತ್ತದೆ ಅಂತ ನೆನಪಿಸಿಕೊಳ್ಳಿ. ಬ್ಯಾಗಿನಲ್ಲಾ, ಕೊರಳಲ್ಲಾ, ಜೀಪಿನ ಸೀಟಿನ ಮೇಲಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಯಾವುದನ್ನು ನೋಡಿ ಅಳೆಯೋದು

ಮೊದಲನೆಯದು ಒಂದು ಕೈಯಲ್ಲಿ ತೆಗೆಯಲು ಆಗುತ್ತದಾ ಅನ್ನುವುದು. ಇನ್ನೊಂದು ಕೈಯಲ್ಲಿ ಕ್ಯಾಮೆರಾ ಇರುತ್ತದೆ, ಮೂರನೇ ಕೈ ಯಾರಿಗೂ ಇಲ್ಲ. ಎರಡನೆಯದು, ಹುಡ್ ಹಾಕಿದ್ದಾಗಲೂ ತೆಗೆದು ಹಾಕಲು ಬರುತ್ತದಾ? ಅಂಗಡಿಯಲ್ಲಿ ಇದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ, ಆಮೇಲೆ ದಿನಾ ಬೈದುಕೊಳ್ಳುತ್ತಾರೆ.

ಮೂರನೆಯದು, ಬಿದ್ದರೆ ಏನು ಕಥೆ? ಕಬ್ಬನ್ ಪಾರ್ಕಿನಲ್ಲಿ ಬಿದ್ದರೆ ಬಗ್ಗಿ ಎತ್ತಿಕೊಳ್ಳುತ್ತೀರಿ. ರಂಗನತಿಟ್ಟಿನ ದೋಣಿಯಿಂದ ಬಿದ್ದರೆ ಅದು ಕಾವೇರಿ ಪಾಲು, ಅಲ್ಲಿನ ಮೊಸಳೆಗಳನ್ನು ನೋಡಿದ ಮೇಲೆ ನೀರಿಗೆ ಕೈ ಹಾಕುವ ಮನಸ್ಸೂ ಬರುವುದಿಲ್ಲ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಜೀಪಿನಿಂದ ಇಳಿಯಲು ಬಿಡುವುದಿಲ್ಲ. ಕ್ಯಾಪ್ ಕಣ್ಣೆದುರೇ ರಸ್ತೆಯಲ್ಲಿ ಬಿದ್ದಿದ್ದರೂ ಹೋಯಿತು ಅಂತಲೇ ಲೆಕ್ಕ. ಜೊತೆಗೆ ಕಾಡಿಗೆ ಒಂದು ಪ್ಲಾಸ್ಟಿಕ್ ಬಿಟ್ಟು ಬಂದ ಹಾಗಾಯಿತು.

ನಾಲ್ಕನೆಯದು, ಯಾವುದರಿಂದ ಕಾಯಬೇಕು? ಧೂಳು, ಪೆಟ್ಟು, ನೀರ ಹನಿ, ಬೆರಳಚ್ಚು, ಬಿಸಿಲು. ಬಿಸಿಲನ್ನು ಬಹಳ ಜನ ಮರೆಯುತ್ತಾರೆ. ಡಿಎಸ್‌ಎಲ್‌ಆರ್‌ನಲ್ಲಿ ಚಿತ್ರ ಹಿಡಿಯುವ ಚಿಪ್, ಅಂದರೆ ಸೆನ್ಸರ್ ಮುಂದೆ ಕನ್ನಡಿ ಅಡ್ಡ ಇರುತ್ತಿತ್ತು. ಆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಬಹಳಷ್ಟರಲ್ಲಿ ಆಫ್ ಮಾಡಿದರೂ ಸೆನ್ಸರ್ ಮುಂದಿನ ಪರದೆ, ಅಂದರೆ ಶಟರ್ ತೆರೆದೇ ಇರುತ್ತದೆ. ಲೆನ್ಸ್ ಮೇಲ್ಮುಖ ಮಾಡಿ ಮಧ್ಯಾಹ್ನದ ಬಿಸಿಲಿನಲ್ಲಿ ಇಟ್ಟು ಊಟಕ್ಕೆ ಹೋದರೆ, ಭೂತಗನ್ನಡಿ ಕಾಗದ ಸುಟ್ಟ ಹಾಗೆ ಒಳಗೆ ಸುಡಬಹುದು. ಕ್ಯಾನನ್ ಇಒಎಸ್ ಆರ್ ತರದ ಕೆಲವು ಕ್ಯಾಮೆರಾಗಳು ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತವೆ. ಆದರೆ ಶಟರಿನ ತೆಳ್ಳನೆ ಪಟ್ಟಿಗಳೂ ಬಿಸಿಲಿಗೆ ಸುಡದಂಥವೇನಲ್ಲ. ಇಲ್ಲಿ ಫಿಲ್ಟರ್ ಕೆಲಸಕ್ಕೆ ಬಾರದು, ಹುಡ್ಡೂ ಬಾರದು. ಬೆಳಕು ದಾಟದ ಮುಚ್ಚಳವೇ ಬೇಕು.

ಐದನೆಯದು ಫೋಟೊಗೆ ಏನು ಧಕ್ಕೆ ಅನ್ನುವುದು. ಕೊನೆಗೆ ದುಡ್ಡು. ದುಡ್ಡನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಇಲ್ಲಿ ದುಬಾರಿಯದೇ ಒಳ್ಳೆಯದು ಅನ್ನುವ ಲೆಕ್ಕ ನಡೆಯುವುದಿಲ್ಲ.

ಚಿವುಟುವ ಕ್ಯಾಪ್: ನಡುವೆಯಾ, ಅಂಚಿನಲ್ಲಾ?

ಲೆನ್ಸ್ ಜೊತೆ ಡಬ್ಬಿಯಲ್ಲಿ ಬರುವುದು ಇದೇ. ಎರಡು ಪ್ಲಾಸ್ಟಿಕ್ ನಾಲಿಗೆ, ಅವುಗಳ ಹಿಂದೆ ಪುಟ್ಟ ಸ್ಪ್ರಿಂಗು. ಚಿವುಟಿದರೆ ನಾಲಿಗೆಗಳು ಒಳಗೆ ಸರಿಯುತ್ತವೆ, ಬಿಟ್ಟರೆ ಲೆನ್ಸ್ ಬಾಯಿಯ ಒಳಸುತ್ತಿನ ತಿರುಪು ಗೆರೆಗಳಿಗೆ, ಅಂದರೆ ಫಿಲ್ಟರ್ ಥ್ರೆಡ್ಡಿಗೆ ಕಚ್ಚಿಕೊಳ್ಳುತ್ತವೆ.

ಹಳೆಯ ಮಾದರಿಯಲ್ಲಿ ಚಿವುಟುವ ಗುಂಡಿ ಅಂಚಿನಲ್ಲಿರುತ್ತದೆ. ಹುಡ್ ಇಲ್ಲದಾಗ ತೊಂದರೆ ಇಲ್ಲ. ಹುಡ್ ಹಾಕಿದರೆ ಅಂಚಿಗೆ ಬೆರಳು ತೂರುವುದೇ ಇಲ್ಲ. ಉಗುರಿನಲ್ಲಿ ಕೆದಕಬೇಕು, ಆಗ ಕ್ಯಾಪ್ ಒಂದು ಕಡೆ ಎದ್ದು ಇನ್ನೊಂದು ಕಡೆ ಗಾಜಿನತ್ತ ವಾಲುತ್ತದೆ. ನಡುವೆ ಚಿವುಟುವ ಮಾದರಿಯಲ್ಲಿ ಹಿಡಿ ಮಧ್ಯದಲ್ಲೇ ಇರುವುದರಿಂದ ಹುಡ್ ಒಳಗೆ ಎರಡು ಬೆರಳು ಹೋದರೂ ಸಾಕು. ಕ್ಯಾನನ್ ಕೂಡ ತುಂಬಾ ವರ್ಷ ಅಂಚಿನ ಮಾದರಿಯನ್ನೇ ಕೊಟ್ಟು, ಆಮೇಲೆ ನಡುವಿನದಕ್ಕೆ ಬಂತು. ಅದರ ಇ-58 ತರದ ಹೆಸರಿನ ಕೊನೆಗೆ ರೋಮನ್ ಎರಡು ಇದ್ದರೆ ಹೊಸದು ಅಂತ ಗುರುತು. ನಿಮ್ಮ ಹತ್ತಿರ ಹಳೆ ಲೆನ್ಸ್ ಇದ್ದು ಅಂಚಿನ ಕ್ಯಾಪ್ ಕಾಟ ಕೊಡುತ್ತಿದ್ದರೆ, ಅದೇ ಅಳತೆಯ ನಡುವಿನ ಕ್ಯಾಪ್ ತಗೊಂಡರೆ ಆಯಿತು. ಕಂಪನಿ ಒಂದೇ ಆಗಬೇಕು ಅಂತೇನಿಲ್ಲ. ಥ್ರೆಡ್ ಅಳತೆ ಒಂದೇ ಆಗಿದ್ದರೆ ನಿಕಾನ್ ಕ್ಯಾಪ್ ಕ್ಯಾನನ್ ಲೆನ್ಸಿಗೂ ಕೂರುತ್ತದೆ. ಚಂದ ಕಾಣುವುದಿಲ್ಲ ಅಂದರೆ ಅದು ಬೇರೆ ವಿಷಯ.

ಕಂಪನಿಯದ್ದು ಮತ್ತು ಸಾದಾ ಕ್ಯಾಪಿನ ನಡುವೆ ನಿಜವಾದ ವ್ಯತ್ಯಾಸ ಇದೆಯಾ? ಇದೆ, ಆದರೆ ಬೆಲೆಯಲ್ಲಿರುವಷ್ಟು ಇಲ್ಲ. ಹೆಸರಿಲ್ಲದ ಕ್ಯಾಪ್ ಆನ್‌ಲೈನಿನಲ್ಲಿ 150ರಿಂದ 300 ರೂಪಾಯಿಗೆ ಸಿಗುತ್ತದೆ. ಕಂಪನಿಯದ್ದಕ್ಕೆ ಅದರ ಎರಡು ಮೂರು ಪಟ್ಟು, ದೊಡ್ಡ ಅಳತೆಗೆ ಇನ್ನೂ ಜಾಸ್ತಿ. ಸಾದಾದ್ದನ್ನು ಕೊಳ್ಳುವಾಗ ಹೀಗೆ ಪರೀಕ್ಷಿಸಿ. ಮಗುಚಿ ನಾಲಿಗೆಯ ಅಂಚು ನೋಡಿ. ಒಳ್ಳೆಯದರಲ್ಲಿ ಥ್ರೆಡ್ಡಿಗೆ ಕೂರುವ ಗೆರೆಗಳು ಎದ್ದು ಕಾಣುತ್ತವೆ. ಅಗ್ಗದ್ದರಲ್ಲಿ ಅವು ಸವೆದ ನಾಣ್ಯದ ಅಂಚಿನ ಹಾಗೆ ನುಣ್ಣಗಿರುತ್ತವೆ. ಅಂಥದ್ದು ಲೆನ್ಸ್ ಮೇಲೆ ಕೂತಂತೆ ಕಾಣುತ್ತದೆ, ಬ್ಯಾಗಿನ ಗೋಡೆ ಸ್ವಲ್ಪ ಒತ್ತಿದರೂ ಕಳಚುತ್ತದೆ. ಹಾಕಿ, ಬೆರಳಿನಿಂದ ಅಂಚನ್ನು ಪಕ್ಕಕ್ಕೆ ತಳ್ಳಿ ನೋಡಿ. ಅಷ್ಟಕ್ಕೇ ಬಿಟ್ಟುಕೊಂಡರೆ ಬೇಡ. ಬ್ಯಾಗಿನೊಳಗೆ ಕಳಚಿದ ಕ್ಯಾಪ್ ಕ್ಯಾಪಿಲ್ಲದ್ದಕ್ಕಿಂತ ಕೆಟ್ಟದ್ದು, ದಾರಿಯುದ್ದಕ್ಕೂ ಗಾಜನ್ನೇ ಉಜ್ಜುತ್ತಾ ಕೂತಿರುತ್ತದೆ.

ಸ್ಪ್ರಿಂಗಿನ ಸಂದಿಗೆ ಬಯಲುಸೀಮೆಯ ಕೆಂಪು ಧೂಳು ಸೇರಿದರೆ ನಾಲಿಗೆ ಒಳಗೇ ಸಿಕ್ಕಿಕೊಳ್ಳುತ್ತದೆ. ಎಣ್ಣೆ ಬಿಡಬೇಡಿ, ಅದು ಗಾಜಿಗೆ ಬರುತ್ತದೆ. ಬ್ಲೋವರಿನಲ್ಲಿ ಗಾಳಿ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ನಲ್ಲಿ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಮತ್ತೆ, ಜೇಬಿನಲ್ಲಿದ್ದ ಕ್ಯಾಪನ್ನು ಹಾಗೇ ಲೆನ್ಸಿಗೆ ಹಾಕುವ ಮೊದಲು ಒಳಗಡೆ ಒಮ್ಮೆ ನೋಡಿ. ಜೇಬಿನ ಹತ್ತಿ ನೂಲು, ಬಸ್ ಟಿಕೆಟಿನ ಚೂರು, ಮದುವೆ ಮನೆಯಾದರೆ ಅಕ್ಷತೆ ಕಾಳು ಎಲ್ಲ ಅಲ್ಲಿರುತ್ತವೆ. ಗಾಜಿನ ಮೇಲೆ ಧೂಳು ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳುವವರು ಅಲ್ಲೊಮ್ಮೆ ಇಣುಕಿದರೆ ಸಾಕು.

ದಾರ ಕಟ್ಟಿದ ಕ್ಯಾಪ್

ಐವತ್ತು ನೂರು ರೂಪಾಯಿಗೆ ಸಿಗುವ ಚಿಕ್ಕ ದಾರ. ಒಂದು ತುದಿಯ ಗುಂಡಿ ಕ್ಯಾಪಿಗೆ ಅಂಟುತ್ತದೆ, ಇನ್ನೊಂದು ತುದಿಯ ಎಲಾಸ್ಟಿಕ್ ಲೆನ್ಸಿನ ಸುತ್ತ ಕೂರುತ್ತದೆ. ಕಳೆಯುವ ಭಯಕ್ಕೆ ಇಷ್ಟು ಅಗ್ಗದ ಮದ್ದು ಇನ್ನೊಂದಿಲ್ಲ. ದೋಣಿಗೆ, ಜೀಪಿಗೆ, ಮಕ್ಕಳ ಕೈಗೆ ಕ್ಯಾಮೆರಾ ಕೊಡುವವರಿಗೆ ಸರಿ.

ಆದರೆ ಅದರ ಕಾಟಗಳೂ ಅಷ್ಟೇ ಖಚಿತ. ಗಾಳಿ ಬೀಸಿದರೆ ಕ್ಯಾಪ್ ಟಕಟಕ ಅಂತ ಲೆನ್ಸಿಗೆ ಬಡಿಯುತ್ತದೆ. ವಿಡಿಯೊ ಮಾಡುವವರ ಮೈಕಿಗೆ ಆ ಸದ್ದು ಚೆನ್ನಾಗಿ ಕೇಳಿಸುತ್ತದೆ. ಟ್ರೈಪಾಡ್ ಮೇಲಿಟ್ಟು ಹಲವು ಸೆಕೆಂಡು ಶಟರ್ ತೆರೆದಿಟ್ಟಾಗ ಅದೇ ಬಡಿತ ಫೋಟೊವನ್ನು ಅಲುಗಿಸುತ್ತದೆ. ಅಗಲ ಕೋನದ ಲೆನ್ಸಿನಲ್ಲಿ ಕೆಲವೊಮ್ಮೆ ಕ್ಯಾಪೇ ಚಿತ್ರದ ಮೂಲೆಗೆ ಬಂದು ಕೂರುತ್ತದೆ. ಎಲಾಸ್ಟಿಕ್ ಪಟ್ಟಿ ಫೋಕಸ್ ರಿಂಗಿನ ಮೇಲೆ ಕೂತರೆ ರಿಂಗು ಬಿಗಿಯಾಗುತ್ತದೆ. ಜೂಮ್ ಲೆನ್ಸಿನಲ್ಲಿ ಕೊಳವೆ ಹೊರಬರುವಾಗ ದಾರ ಎಳೆಯುತ್ತದೆ.

ಅಂಟಿಸುವ ಜಾಗದ ಬಗ್ಗೆ ಒಂದು ಮಾತು. ನಡುವೆ ಚಿವುಟುವ ಕ್ಯಾಪಿನಲ್ಲಿ ನಾಲಿಗೆಗಳ ಮೇಲೆ ಗುಂಡಿ ಅಂಟಿಸಿದರೆ ಚಿವುಟಲು ಆಗುವುದಿಲ್ಲ. ಅಲುಗದ ಭಾಗ ಎಷ್ಟಿದೆ ನೋಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಟ್ಟರೆ ಅಂಟು ಕರಗಿ ಬಿಡುತ್ತದೆ. ಅಂಟಿನ ಬದಲು ಕ್ಯಾಪಿನ ಅಂಚಿನಲ್ಲೇ ತೂತು ಇರುವ ಮಾದರಿಗಳು ಸಿಗುತ್ತವೆ, ಅವು ವಾಸಿ. ದಾರ ನೇತಾಡುವುದು ಬೇಡ ಅನ್ನುವವರಿಗೆ ಕ್ಯಾಮೆರಾ ಪಟ್ಟಿಗೆ ಸಿಕ್ಕಿಸುವ ಕ್ಲಿಪ್ ಇದೆ. ಹುಫಾ ಅನ್ನುವ ಪುಟ್ಟ ಕ್ಲಿಪ್ ಈ ಜಾತಿಯದು: ತೆಗೆದ ಕ್ಯಾಪನ್ನು ಅದಕ್ಕೆ ಕಚ್ಚಿಸಿದರೆ ಆಯಿತು. ನನಗೆ ದಾರಕ್ಕಿಂತ ಇದು ಹಿಡಿಸುತ್ತದೆ. ಆದರೆ ಕಚ್ಚಿಸಲು ನೆನಪಿರಬೇಕು ಅನ್ನುವುದೇ ಅದರ ಮಿತಿ.

ಕ್ಯಾಪ್ ಬಿಟ್ಟು ಫಿಲ್ಟರ್

ಜಗಳ ಜಾಸ್ತಿ ಇರುವುದು ಇಲ್ಲಿ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಯುವಿ ತಡೆಯುವ ಪದರ ಹೇಗೂ ಇರುತ್ತದೆ. ಹಾಗಾಗಿ ಇವತ್ತು ಯುವಿ ಫಿಲ್ಟರ್ ಅಂದರೆ ಪಾರದರ್ಶಕ ಕ್ಯಾಪ್ ಅಷ್ಟೇ. ಅದರ ಲಾಭ ನೇರ: ತೆಗೆಯುವ ಗೋಜಿಲ್ಲ, ಕಳೆಯುವ ಭಯ ಇಲ್ಲ, ಕೊಳೆಯಾದರೆ ಶರ್ಟಿನ ಅಂಚಿನಲ್ಲಿ ಒರೆಸಿದರೂ ಎದೆ ಢವಗುಟ್ಟುವುದಿಲ್ಲ. ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಾರೆ, ಧಾರೆ ಹೊತ್ತಿಗೆ ಅಕ್ಷತೆ ನಾಲ್ಕೂ ಕಡೆಯಿಂದ ಬರುತ್ತದೆ. ಅಲ್ಲಿ ಕ್ಯಾಪ್ ಹಾಕಿ ತೆಗೆಯುತ್ತಾ ಕೂತವನಿಗೆ ಮಾಂಗಲ್ಯಧಾರಣೆ ಸಿಗುವುದಿಲ್ಲ. ಜೋಗದ ತುಂತುರು, ಮರವಂತೆಯ ಉಪ್ಪುಗಾಳಿ, ಹೋಳಿ ಬಣ್ಣ, ಇವಕ್ಕೂ ಫಿಲ್ಟರ್ ಸರಿ. ಕ್ಯಾನನ್‌ನ 17-40 ತರದ ಕೆಲವು ಲೆನ್ಸುಗಳಲ್ಲಂತೂ ಧೂಳು ನೀರಿನ ತಡೆ ಪೂರ್ತಿಯಾಗಲು ಮುಂದೆ ಫಿಲ್ಟರ್ ಇರಬೇಕು.

ನಷ್ಟ ಕಾಣುವುದು ರಾತ್ರಿ. ಮೈಸೂರು ಅರಮನೆಯ ದೀಪಾಲಂಕಾರವನ್ನು ಅಗ್ಗದ ಫಿಲ್ಟರ್ ಹಾಕಿ ತೆಗೆದು ನೋಡಿ. ಗೋಪುರದ ಬಲ್ಬಿನ ಸಾಲು ಕಪ್ಪು ಆಕಾಶದಲ್ಲೋ ಕತ್ತಲ ನೆಲದಲ್ಲೋ ತಲೆಕೆಳಗಾಗಿ, ಮಂಕು ಹಸಿರಾಗಿ ಇನ್ನೊಮ್ಮೆ ಮೂಡಿರುತ್ತದೆ. ಸೆನ್ಸರಿನಿಂದ ಹಿಂದಕ್ಕೆ ಹೊಮ್ಮಿದ ಬೆಳಕು ಫಿಲ್ಟರಿನ ಚಪ್ಪಟೆ ಗಾಜಿಗೆ ಬಡಿದು ಮತ್ತೆ ಒಳಬರುವುದರಿಂದ ಹೀಗೆ. ಚಿತ್ರದ ನಡುಬಿಂದುವಿನ ಆಚೆ ಬದಿಗೆ, ಅಷ್ಟೇ ದೂರದಲ್ಲಿ ಅದು ಬೀಳುತ್ತದೆ. ಒಳ್ಳೆ ಲೇಪನ ಇರುವ ಹೋಯಾ, ಬಿ+ಡಬ್ಲ್ಯೂ ತರದ್ದರಲ್ಲಿ ಇದು ಬಹಳ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅವುಗಳ ಬೆಲೆ ಅಳತೆಗೆ ತಕ್ಕ ಹಾಗೆ ಸಾವಿರದೈನೂರರಿಂದ ಮೇಲೆ ಹೋಗುತ್ತದೆ. ಮುನ್ನೂರು ರೂಪಾಯಿಯ ಫಿಲ್ಟರನ್ನು ಮೂವತ್ತು ಸಾವಿರದ ಲೆನ್ಸ್ ಮುಂದೆ ಇಡುವುದು ನನಗಂತೂ ಒಪ್ಪಿಗೆಯಾಗದ ಸಂಗತಿ. ಫಿಲ್ಟರ್ ಹಾಕುವುದಾದರೆ ಒಳ್ಳೆಯದು ಹಾಕಿ, ಇಲ್ಲಾಂದ್ರೆ ಸುಮ್ನೆ ಬಿಡಿ. ಯಾವುದೇ ಇರಲಿ, ರಾತ್ರಿ ದೀಪಗಳಿಗೆ ಬಿಚ್ಚಿಡಿ.

ಬಿದ್ದಾಗ ಫಿಲ್ಟರ್ ಕಾಯುತ್ತದೆ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ಅದರ ಗಾಜು ತೆಳು, ಲೆನ್ಸಿನ ಮುಂದಿನ ಗಾಜು ದಪ್ಪ. ಫಿಲ್ಟರ್ ಒಡೆದರೆ ಲೆನ್ಸ್ ಬದುಕಿತು ಅಂತ ಖುಷಿಪಡುತ್ತೇವೆ. ಎಷ್ಟೋ ಸಲ ಫಿಲ್ಟರ್ ಮಾತ್ರ ಒಡೆಯುವಷ್ಟು ಪೆಟ್ಟು ಅದು. ಚೂರುಗಳು ಒಳಗಿನ ಗಾಜನ್ನು ಗೀರಿದ್ದೂ ಉಂಟು. ಫಿಲ್ಟರಿನ ಬಳೆ ಬಗ್ಗಿ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡರೆ ರಿಪೇರಿ ಅಂಗಡಿಯೇ ಗತಿ. ಇನ್ನೊಂದು ಸಣ್ಣ ವಿಷಯ, ಆಮೇಲೆ ದೊಡ್ಡದಾಗುವಂಥದ್ದು: ಕೆಲವು ತೆಳು ಫಿಲ್ಟರ್‌ಗಳಿಗೆ ಮುಂಭಾಗದಲ್ಲಿ ಥ್ರೆಡ್ ಇರುವುದಿಲ್ಲ. ಅದರ ಮೇಲೆ ಚಿವುಟುವ ಕ್ಯಾಪ್ ಕೂರುವುದೇ ಇಲ್ಲ.

ಹುಡ್ ಒಂದೇ ಸಾಕಾ?

ಹಗಲಿನಲ್ಲಿ ಓಡಾಡುತ್ತಾ ಫೋಟೊ ತೆಗೆಯುವ ಬಹಳ ಜನಕ್ಕೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಗೋಡೆ, ಬಾಗಿಲು, ಪಕ್ಕದವರ ಮೊಣಕೈ ಮೊದಲು ತಾಗುವುದು ಹುಡ್ಡಿಗೆ. ಪ್ಲಾಸ್ಟಿಕ್ ಆದ್ದರಿಂದ ಪೆಟ್ಟನ್ನು ತಾನೇ ತಿನ್ನುತ್ತದೆ. ಅಡ್ಡ ಬೆಳಕು ತಡೆದು ಫೋಟೊವನ್ನು ಚೂರು ಉತ್ತಮ ಮಾಡುವುದೂ ಇದೊಂದೇ. ಬೆರಳಚ್ಚೂ ಕಡಿಮೆ. ಸಣ್ಣ ಮಳೆ ಹನಿಯನ್ನೂ ಒಂದಷ್ಟು ತಡೆಯುತ್ತದೆ. ಧೂಳಿಗೆ ಮಾತ್ರ ಏನೂ ಮಾಡುವುದಿಲ್ಲ. ಅಗಲ ಕೋನದ ಲೆನ್ಸಿನ ಹುಡ್ ತಟ್ಟೆಯಷ್ಟೇ ಆಳ ಇರುವುದರಿಂದ ಅಲ್ಲಿ ರಕ್ಷಣೆ ಹೆಸರಿಗೆ ಮಾತ್ರ. ಬ್ಯಾಗಿಗೆ ಹಾಕುವಾಗ ಹುಡ್ಡನ್ನು ಹಿಂದುಮುಂದಾಗಿ ತಿರುಗಿಸಿ ಲೆನ್ಸಿಗೆ ಹಾಕಿ, ಕ್ಯಾಪ್ ಮುಚ್ಚಿ.

ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನ ಡಬ್ಬಿಯಲ್ಲಿ ಹುಡ್ ಸಾಮಾನ್ಯವಾಗಿ ಇರುವುದಿಲ್ಲ, ಬೇರೆ ತಗೊಳ್ಳಬೇಕು. ಕಂಪನಿಯದ್ದಕ್ಕೆ ಹೋಲುವ ಬೇರೆಯವರ ಹುಡ್ ಮುನ್ನೂರು ನಾನೂರಕ್ಕೆ ಸಿಗುತ್ತದೆ. ಮಾಡೆಲ್ ಸಂಖ್ಯೆ ಸರಿ ಇದ್ದರೆ ಸಾಕು.

ಉದ್ದ ಲೆನ್ಸಿನವರಿಗೆ: ಹುಡ್ ಮೇಲಿನ ಟೋಪಿ

ಸಿಗ್ಮಾ 150-600 ಕಂಟೆಂಪರರಿ, ಟ್ಯಾಮ್ರಾನ್‌ನ 150-600, ನಿಕಾನ್ 200-500, ಸೋನಿ 200-600, ಇವೆಲ್ಲವುದರ ಬಾಯಿ 95 ಮಿಮೀ. ಹುಡ್ ಆಳ. ಕ್ಯಾಪ್ ಆ ಬಾವಿಯ ತಳದಲ್ಲಿ. ಜೀಪು ಕುಲುಕುವಾಗ ಅಲ್ಲಿಗೆ ಕೈ ಇಳಿಸಿ ಚಿವುಟಿದರೆ ಬೆರಳು ಗಾಜಿಗೆ ತಾಗುತ್ತದೆ, ಇಲ್ಲವೇ ಕ್ಯಾಪ್ ಒಳಗೇ ಅಡ್ಡ ಬೀಳುತ್ತದೆ. ಅಷ್ಟರಲ್ಲಿ ಚಿರತೆ ಮರ ಇಳಿದಾಯಿತು.

ಇವರಿಗೆ ಹುಡ್ ಬಾಯಿಗೇ ತೊಡಿಸುವ ಬಟ್ಟೆಯ ಮುಚ್ಚಳ ಸರಿ. ಲೆನ್ಸ್‌ಕೋಟ್‌ನವರ ‘ಹುಡ್ಡಿ’ ಅನ್ನುವ ಮುಚ್ಚಳ ನಿಯೋಪ್ರೀನ್ ಅನ್ನುವ ಮೆತ್ತನೆ ರಬ್ಬರ್ ಬಟ್ಟೆಯದು. ಒಂದು ಎಳೆತಕ್ಕೆ ಬರುತ್ತದೆ, ಕೈಗವಸು ಹಾಕಿದ್ದರೂ ತೆಗೆಯಬಹುದು, ತೊಡೆ ಮೇಲೆ ಬಿದ್ದರೆ ಸದ್ದೂ ಆಗುವುದಿಲ್ಲ. ಸದ್ದಿನ ವಿಷಯ ಸಣ್ಣದಲ್ಲ. ಕಬಿನಿ ಹಿನ್ನೀರಿನ ಅಂಚಿನಲ್ಲಿ ಜೀಪಿನ ಎಂಜಿನ್ ಆಫ್ ಮಾಡಿ ಎಲ್ಲರೂ ಉಸಿರು ಬಿಗಿಹಿಡಿದಾಗ ಪ್ಲಾಸ್ಟಿಕ್ ಕ್ಯಾಪ್ ತಗಡಿನ ನೆಲಕ್ಕೆ ಬಿದ್ದರೆ ಅಕ್ಕಪಕ್ಕದವರು ನಿಮ್ಮನ್ನು ನೋಡುವ ನೋಟವೇ ಬೇರೆ. ಕುಂದು ಏನೆಂದರೆ ಬಟ್ಟೆ ಪೆಟ್ಟು ತಡೆಯುವುದಿಲ್ಲ, ಗಟ್ಟಿ ತಳದ ಮಾದರಿಯಾದರೆ ಸ್ವಲ್ಪ ವಾಸಿ. ಬೆಲೆಯೂ ಜಾಸ್ತಿ, ಹೊರದೇಶದಿಂದ ತರಿಸಿದರೆ ಇನ್ನೂ ಜಾಸ್ತಿ.

ಆ ಖರ್ಚು ಬೇಡ ಅಂದರೆ ಊರಿನ ಟೈಲರ್ ಹತ್ತಿರ ಹೋಗಿ. ಹಳೆ ಬ್ಯಾಗಿನ ದಪ್ಪ ಬಟ್ಟೆ ಒಂದು ಸುತ್ತು, ಒಳಗೆ ಮೆತ್ತನೆ ಅಸ್ತರು, ಬಾಯಿಗೆ ಎಲಾಸ್ಟಿಕ್, ಎಳೆಯಲು ಒಂದು ಕಿವಿ. ಹುಡ್ ಜೊತೆಗೇ ತಗೊಂಡು ಹೋಗಿ ಅಳತೆ ಕೊಡಿ. ಅಸ್ತರಿನ ನೂಲು ಉದುರುವಂಥದ್ದು ಬೇಡ ಅಂತ ಹೇಳಿ. ಬೇಸಿಗೆಯಲ್ಲಿ ಮುಂದಿನ ಜೀಪಿನ ಧೂಳು ತಡೆಯಲು ಇದು ಧಾರಾಳ ಸಾಕು. ಇನ್ನೂ ಅಗ್ಗ ಅಂದರೆ ಹೋಟೆಲ್ ಬಚ್ಚಲುಮನೆಯಲ್ಲಿ ಇಡುವ ಶವರ್ ಕ್ಯಾಪ್. ನೋಡಲು ತಮಾಷೆ, ಆದರೆ ತುಂತುರು ಮಳೆಗೂ ಆಗುತ್ತದೆ. ಬಿಸಿಲಿನಿಂದ ಮಾತ್ರ ಕಾಯುವುದಿಲ್ಲ.

ಉಳಿದವು, ಬೇಗ ಬೇಗ

ತಿರುಗಿಸಿ ಹಾಕುವ ಲೋಹದ ಕ್ಯಾಪ್: ನೋಡಲು ಚಂದ, ಬ್ಯಾಗಿನಲ್ಲಿ ಕಳಚುವ ಮಾತೇ ಇಲ್ಲ. ವರ್ಷಕ್ಕೊಮ್ಮೆ ಹೊರಬರುವ ಹಳೆ ಲೆನ್ಸಿಗೆ, ಕೊರಿಯರ್‌ನಲ್ಲಿ ಕಳಿಸುವ ಲೆನ್ಸಿಗೆ ಇದೇ ಸರಿ. ದಿನಬಳಕೆಗೆ ಬೇಡವೇ ಬೇಡ. ಅವಸರದಲ್ಲಿ ಓರೆಯಾಗಿ ತಿರುಗಿಸಿದರೆ ಲೆನ್ಸಿನ ಥ್ರೆಡ್ಡೇ ಹಾಳು. ಸಿಕ್ಕಿಕೊಂಡರೆ ಸುತ್ತ ಅಗಲ ರಬ್ಬರ್ ಬ್ಯಾಂಡ್ ಹಾಕಿ, ಜೋರಾಗಿ ಒತ್ತದೆ ಮೆಲ್ಲಗೆ ತಿರುಗಿಸಿ.

ಮ್ಯಾಗ್ನೆಟ್ ಕ್ಯಾಪ್: ಥ್ರೆಡ್ಡಿಗೆ ಒಂದು ಬಳೆ ತಿರುಗಿಸಿ ಬಿಟ್ಟರೆ ಕ್ಯಾಪ್ ಅದಕ್ಕೆ ಟಪ್ ಅಂತ ಅಂಟುತ್ತದೆ. ಕೇಸ್, ಕೆ ಆಂಡ್ ಎಫ್ ಕಾನ್ಸೆಪ್ಟ್ ಕಂಪನಿಗಳದ್ದು ಸಿಗುತ್ತದೆ. ವೇಗದಲ್ಲಿ ಇದನ್ನು ಮೀರಿಸುವುದು ಇನ್ನೊಂದಿಲ್ಲ. ಅದೇ ಸಲೀಸಿನಲ್ಲಿ ಬ್ಯಾಗಿನಲ್ಲೂ ಕಳಚಿಕೊಳ್ಳುತ್ತದೆ. ಸಮುದ್ರ ದಡದ ಮರಳಿನಲ್ಲಿರುವ ಕಬ್ಬಿಣದ ಕಪ್ಪು ಕಣಗಳೂ ಅದಕ್ಕೆ ಅಂಟುತ್ತವೆ, ಗಾಜಿನ ಪಕ್ಕದಲ್ಲೇ. ಮ್ಯಾಗ್ನೆಟ್ ಫಿಲ್ಟರ್‌ಗಳನ್ನು ಈಗಾಗಲೇ ಬಳಸುವವರಿಗೆ ಹೊಂದುತ್ತದೆ. ಬರೀ ಕ್ಯಾಪಿಗೋಸ್ಕರ ಅಷ್ಟು ದುಡ್ಡು ಹಾಕುವುದು ದಂಡ.

ತಾನೇ ತೆರೆದುಕೊಳ್ಳುವ ಕ್ಯಾಪ್: ಒಲಿಂಪಸ್ 14-42 ಇಝಡ್ ಲೆನ್ಸಿಗೆ ಕಂಪನಿಯದೇ ಎಲ್‌ಸಿ-37ಸಿ ಇದೆ. ಕ್ಯಾಮೆರಾ ಆನ್ ಮಾಡಿದಾಗ ಲೆನ್ಸ್ ಮುಂದೆ ಬಂದು ಮೂರು ಎಸಳು ತೆರೆದುಕೊಳ್ಳುತ್ತವೆ, ಆಫ್ ಮಾಡಿದರೆ ಮುಚ್ಚುತ್ತವೆ. ಜೆಜೆಸಿ ತರದ ಕಂಪನಿಗಳು ಬೇರೆ ಕೆಲವು ಸಣ್ಣ ಜೂಮ್‌ಗಳಿಗೂ ಮಾಡುತ್ತವೆ. ಪ್ರವಾಸಕ್ಕೆ ಒಂದೇ ಪುಟ್ಟ ಕ್ಯಾಮೆರಾ ಒಯ್ಯುವವರಿಗೆ ಇದಕ್ಕಿಂತ ಸುಖ ಇಲ್ಲ. ಆದರೆ ಫಿಲ್ಟರ್ ಹಾಕಲು ಬರುವುದಿಲ್ಲ, ಎಸಳಿನ ಸಂದಿಯಿಂದ ನುಣ್ಣನೆ ಧೂಳು ಒಳಹೋಗುತ್ತದೆ. ಇನ್ನೂ ಕ್ಯಾಮೆರಾ ಕೊಳ್ಳದವರಾದರೆ, ಸೋನಿ ಆರ್‌ಎಕ್ಸ್100, ರಿಕೋ ಜಿಆರ್ ತರದವುಗಳಲ್ಲಿ ಮುಚ್ಚಳ ಒಳಗೇ ಇದೆ, ಈ ಲೇಖನವೇ ನಿಮಗೆ ಬೇಕಾಗುವುದಿಲ್ಲ.

ಮೇಲಿನಿಂದ ತೊಡಿಸುವ ಕ್ಯಾಪ್: ನಿಕಾನ್‌ನ ಹಳೆ 14-24 ಎಫ್2.8 ತರದ ಲೆನ್ಸುಗಳ ಗಾಜು ಉಬ್ಬಿಕೊಂಡಿರುತ್ತದೆ, ಮುಂದೆ ಥ್ರೆಡ್ ಇಲ್ಲ, ಹುಡ್ ಅಂಟಿಕೊಂಡೇ ಇದೆ. ಇವರಿಗೆ ಆಯ್ಕೆ ಇಲ್ಲ, ಕಂಪನಿಯ ಕ್ಯಾಪೇ ಗತಿ. ಕಳೆದರೆ ಸಾದಾ ಅಂಗಡಿಯಲ್ಲಿ ಸಿಗುವುದೂ ಕಷ್ಟ. ಇಂಥ ಲೆನ್ಸ್ ಇರುವವರು ಒಂದು ಹೆಚ್ಚಿಗೆ ತಗೊಂಡಿಡುವುದು ದುಂದುವೆಚ್ಚ ಅಲ್ಲ.

ಯಾರಿಗೆ ಯಾವುದು

ಕಿಟ್ ಲೆನ್ಸ್ ಇಟ್ಟುಕೊಂಡು ಈಗಷ್ಟೇ ಶುರು ಮಾಡಿದ್ದೀರಿ, ಖರ್ಚಿಗೆ ಐನೂರು ರೂಪಾಯಿ ಇದೆ ಅಂದರೆ: ಇದ್ದ ಕ್ಯಾಪನ್ನೇ ಇಟ್ಟುಕೊಳ್ಳಿ, ಹುಡ್ ತಗೊಳ್ಳಿ, ಉಳಿದ ದುಡ್ಡಿನಲ್ಲಿ ಒಂದು ಸಾದಾ ಕ್ಯಾಪ್ ತಗೊಂಡು ಬ್ಯಾಗಿನ ಮೂಲೆಗೆ ಹಾಕಿಡಿ. ಅಗ್ಗದ ಫಿಲ್ಟರ್ ಬೇಡ.

ಮದುವೆ, ಜಾತ್ರೆ, ಮೆರವಣಿಗೆ ತೆಗೆಯುವವರು ಒಳ್ಳೆಯ ಫಿಲ್ಟರ್ ಮತ್ತು ಹುಡ್ ಎರಡನ್ನೂ ಹಾಕಿ, ಕ್ಯಾಪನ್ನು ಬ್ಯಾಗಿನಲ್ಲೇ ಬಿಡಿ. ಇಡೀ ದಿನ ಕ್ಯಾಪ್ ಮುಟ್ಟಬೇಕಾಗಿಲ್ಲ. ವೇದಿಕೆಯ ಎದುರು ದೀಪ, ಪಟಾಕಿ ಬಂದಾಗ ಫಿಲ್ಟರ್ ಬಿಚ್ಚುವ ತಾಳ್ಮೆ ಇರಲಿ ಅಷ್ಟೇ.

ಕಾಡಿಗೆ ಹೋಗುವವರಿಗೆ ಹುಡ್ ಮೇಲಿನ ಟೋಪಿ. 95 ಮಿಮೀ ಫಿಲ್ಟರ್‌ಗೆ ದುಡ್ಡು ಸುರಿಯುವುದು ಬೇಡ ಅಂತಲೇ ನಾನು ಹೇಳುವುದು. ಅಷ್ಟು ಆಳದ ಹುಡ್ ಇದ್ದಾಗ ಗಾಜಿಗೆ ಏನಾದರೂ ತಾಗುವುದೇ ಅಪರೂಪ, ಉದ್ದ ಲೆನ್ಸಿನಲ್ಲಿ ಕಳಪೆ ಗಾಜಿನ ದೋಷ ಎದ್ದು ಕಾಣುತ್ತದೆ.

ಮಲೆನಾಡು, ಕರಾವಳಿಯವರಿಗೆ ಧೂಳಿಗಿಂತ ತೇವದ ಚಿಂತೆ. ಮಳೆಯಲ್ಲಿ ನೆನೆದ ಲೆನ್ಸಿಗೆ ಹಾಗೇ ಕ್ಯಾಪ್ ಜಡಿದು ಬ್ಯಾಗಿನಲ್ಲಿಟ್ಟರೆ ಫಂಗಸ್‌ಗೆ ಮನೆ ಕಟ್ಟಿಕೊಟ್ಟ ಹಾಗೆ. ಬಲೆಯಂತೆ ಹರಡಿ ಗಾಜಿನ ಲೇಪನವನ್ನೇ ತಿನ್ನುತ್ತದೆ. ಮನೆಗೆ ಬಂದ ಕೂಡಲೇ ಒರೆಸಿ, ಕ್ಯಾಪ್ ತೆಗೆದೇ ಫ್ಯಾನ್ ಕೆಳಗೆ ಆರಲು ಬಿಡಿ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೇವ ಶೇಕಡಾ 40ರಿಂದ 50 ಇದ್ದರೆ ಸರಿ. ಇಲ್ಲಿ ಕ್ಯಾಪ್ ಯಾವುದು ಅನ್ನುವುದಕ್ಕಿಂತ ಯಾವಾಗ ಹಾಕುತ್ತೀರಿ ಅನ್ನುವುದು ಮುಖ್ಯ.

ನಾಲ್ಕೈದು ಲೆನ್ಸ್ ಇದ್ದು ಯಾವ ಕ್ಯಾಪ್ ಯಾವುದಕ್ಕೆ ಅಂತ ಗೊಂದಲವಾಗುತ್ತಿದ್ದರೆ ಒಂದು ಉಪಾಯ ಇದೆ. ಎಲ್ಲದಕ್ಕೂ ಸ್ಟೆಪ್-ಅಪ್ ರಿಂಗ್, ಅಂದರೆ ಚಿಕ್ಕ ಬಾಯನ್ನು ದೊಡ್ಡ ಅಳತೆಗೆ ತರುವ ಬಳೆ ಹಾಕಿ 77 ಮಿಮೀಗೆ ತಂದುಬಿಡಿ. ಆಗ ಒಂದೇ ಅಳತೆಯ ಕ್ಯಾಪ್, ಒಂದೇ ಅಳತೆಯ ಫಿಲ್ಟರ್. ಆದರೆ ಬಹಳಷ್ಟು ಹುಡ್‌ಗಳು ರಿಂಗಿನ ಮೇಲೆ ಕೂರುವುದಿಲ್ಲ. ವಿಡಿಯೊ ಮಾಡುವವರಿಗೆ ಇದು ಹಿಡಿಸುತ್ತದೆ, ಹುಡ್ ನೆಚ್ಚಿಕೊಂಡವರಿಗೆ ಹಿಡಿಸುವುದಿಲ್ಲ. ಅವರು ಕ್ಯಾಪಿನ ಒಳಗೆ ಬಿಳಿ ಪೆನ್ನಿನಲ್ಲಿ ಲೆನ್ಸ್ ಹೆಸರು ಬರೆದರೆ ಸಾಕು.

ಆರ್ಡರ್ ಮಾಡುವ ಮುಂಚೆ

ತಪ್ಪು ಅಳತೆಯ ಕ್ಯಾಪ್ ತರಿಸಿ ವಾಪಸ್ ಕಳಿಸುವವರೇ ಜಾಸ್ತಿ. 50 ಎಂಎಂ ಲೆನ್ಸಿಗೆ 50 ಎಂಎಂ ಕ್ಯಾಪ್ ಅಲ್ಲ, ಹೆಸರಿನಲ್ಲಿರುವ ಆ ಸಂಖ್ಯೆ ಬಾಯಿಯ ಅಳತೆ ಅಲ್ಲ. ಕ್ಯಾನನ್ 50 ಎಫ್1.8 ಎಸ್‌ಟಿಎಂಗೆ 49 ಬೇಕು, ನಿಕಾನ್ 50 ಎಫ್1.8ಜಿಗೆ 58. ಲೆನ್ಸಿನ ಮುಂಭಾಗದಲ್ಲಿ ಸೊನ್ನೆಗೆ ಓರೆ ಗೆರೆ ಎಳೆದ ಗುರುತಿನ ಪಕ್ಕ ಇರುವ ಸಂಖ್ಯೆಯೇ ನಿಮ್ಮ ಅಳತೆ. ಹಳೆ ಕ್ಯಾಪ್ ಇದ್ದರೆ ಅದರ ಬೆನ್ನಿಗೂ ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ. ಲೆನ್ಸ್ ಹೆಸರು ಒಂದೇ ಇದ್ದರೂ ನಂಬಬೇಡಿ: ನಿಕಾನ್ 18-55ರ ಹಳೆ ಎಎಫ್-ಎಸ್ ಮಾದರಿಗೆ 52, ಎಎಫ್-ಪಿಗೆ 55. ಕ್ಯಾನನ್ ಇಎಫ್-ಎಸ್ 18-55 ಎಸ್‌ಟಿಎಂ ಮತ್ತು 55-250 ಎಸ್‌ಟಿಎಂ ಎರಡಕ್ಕೂ 58, ಹಾಗಾಗಿ ಆ ಜೋಡಿ ಇರುವವರಿಗೆ ಒಂದು ಹೆಚ್ಚಿನ ಕ್ಯಾಪ್ ಎರಡಕ್ಕೂ ಆಗುತ್ತದೆ. ಸೋನಿ 16-50ರ ಪುಟ್ಟ ಕಿಟ್ ಲೆನ್ಸಿಗೆ 40.5, ಇದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಆನ್‌ಲೈನೇ ಸುಲಭ.

ಹಿಂಬದಿಯ ಕ್ಯಾಪಿಗೆ ಈ ಸಂಖ್ಯೆ ಲೆಕ್ಕಕ್ಕಿಲ್ಲ, ಅಲ್ಲಿ ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಬಾಯಿಯ ಬಗೆ ನೋಡಬೇಕು. ಕ್ಯಾನನ್ ಇಎಫ್‌ನದು ಆರ್‌ಎಫ್‌ಗೆ ಬರದು, ನಿಕಾನ್ ಎಫ್‌ನದು ಝಡ್‌ಗೆ ಬರದು. ಆರ್ಡರ್ ಮಾಡುವಾಗ ಎರಡನ್ನೂ ಒಟ್ಟಿಗೇ ತರಿಸಿದರೆ ಡೆಲಿವರಿ ದುಡ್ಡಾದರೂ ಉಳಿಯುತ್ತದೆ.